ಸದ್ದು ಮಾಡದ ವಾಲ್ವು

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಆಫೀಸು, ರಿಲೀಸು, ರಾತ್ರಿ ಹತ್ತರ ಕಾಲ್... ನೆಪಗಳಿಗೇನು ಬರ? ಇವತ್ತು ಭಾನುವಾರ, ಕರೆಂಟೂ ಇದೆ, ಕಾಫಿಯೂ ಇದೆ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವ್ಯಾನಿನ ಕತೆ ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ :)

2023ರಲ್ಲಿ ಎಂಟು ತಿಂಗಳು ಆನ್‌ಸೈಟ್ ಅಂತ ಅಮೆರಿಕಾದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ ಇದ್ದೆ. ಒಂದು ಮನೆಯ ಹಿಂಭಾಗದ ರೂಮು ಬಾಡಿಗೆಗೆ ಸಿಕ್ಕಿತ್ತು. ಮನೆ ಓನರ್ ಎಪ್ಪತ್ತು ದಾಟಿದ ಅಜ್ಜ. ಅವರ ಶೆಡ್ಡಿನಲ್ಲಿ 1969ರ ಫೋಕ್ಸ್‌ವ್ಯಾಗನ್ ಕ್ಯಾಂಪರ್ ನಿಂತಿತ್ತು. ಸಿನಿಮಾಗಳಲ್ಲಿ ಹಿಪ್ಪಿಗಳು ಓಡಿಸುತ್ತಾರಲ್ಲ, ಬ್ರೆಡ್ಡಿನ ಆಕಾರದ ವ್ಯಾನು, ಅದೇ. ಒಳಗೆ ಮಡಚುವ ಹಾಸಿಗೆ, ಸಣ್ಣ ಸಿಂಕು, ಐಸ್ ಇಡುವ ಪೆಟ್ಟಿಗೆ. ಮೇಲಿನ ಚಾವಣಿ ಎತ್ತಿದರೆ ಕ್ಯಾನ್ವಾಸ್ ಗುಡಾರ. ರಜೆ ಬಂದರೆ ಹೆಂಡತಿ ಮಕ್ಕಳನ್ನು ಹಾಕಿಕೊಂಡು ಊರೂರು ಸುತ್ತೋದು, ರಾತ್ರಿ ಅಲ್ಲೇ ಮಲಗೋದು. ಅದಕ್ಕೆಂದೇ ಮಾಡಿದ ಗಾಡಿ.

ಒಂದು ಶುಕ್ರವಾರ ಸಂಜೆ ಅಜ್ಜ ಕೇಳಿದರು, "ನಾಳೆ ಬೆಳಿಗ್ಗೆ ಆರಕ್ಕೆ ಎದ್ದೇಳ್ತೀಯಾ? ಟ್ಯಾಪೆಟ್ ಸೆಟ್ ಮಾಡಬೇಕು, ನನ್ನ ಮಂಡಿ ಬಗ್ಗಲ್ಲ."

ಆರಕ್ಕೇ ಯಾಕೆ ಅಂದೆ. ಈ ಎಂಜಿನ್ನಿನ ವಾಲ್ವುಗಳನ್ನು ಮುಟ್ಟಬೇಕಾದರೆ ಅದು ಪೂರ್ತಿ ತಣ್ಣಗಿರಬೇಕಂತೆ. ರಾತ್ರಿಯಿಡೀ ನಿಂತಿರಬೇಕು, ಬಿಸಿಲು ಏರೋಕೆ ಮುಂಚೆ ಕೆಲಸ ಮುಗೀಬೇಕು. ನಮ್ಮ ಕಡೆ ದೇವರ ಅಭಿಷೇಕಕ್ಕೂ ಇಷ್ಟು ಮಡಿ ಮಾಡಲ್ಲ ಅಂದುಕೊಂಡೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ವೂಲ್ಫ್ಸ್‌ಬುರ್ಗ್‌ನಲ್ಲಿದ್ದ ಬೀಟಲ್ ಕಾರಿನ ಕಾರ್ಖಾನೆ ಬ್ರಿಟಿಷ್ ಸೇನೆಯ ಕೈಗೆ ಬಂತು. ಅದನ್ನು ನೋಡಿಕೊಳ್ಳೋಕೆ ನಿಂತವರು ಮೇಜರ್ ಐವನ್ ಹರ್ಸ್ಟ್. ಕಾರ್ಖಾನೆಯೊಳಗೆ ಬಿಡಿಭಾಗ ಸಾಗಿಸೋಕೆ ಸರಿಯಾದ ಗಾಡಿ ಇರಲಿಲ್ಲ, ಹಾಗಾಗಿ ಬೀಟಲ್ ಚಾಸಿಯ ಮೇಲೆ ಹಲಗೆ ಹಾಕಿ, ಹಿಂದೆ ಎಂಜಿನ್ ಮೇಲೆ ಡ್ರೈವರ್ ಕೂರುವಂತೆ ಒಂದು ತಳ್ಳುಗಾಡಿಯಂಥದ್ದನ್ನು ಅಲ್ಲೇ ಮಾಡಿಕೊಂಡರು. ಬೀಟಲ್ ಕೊಳ್ಳೋಕೆ ಬಂದಿದ್ದ ಬೆನ್ ಪೋನ್ ಎಂಬ ಡಚ್ ವ್ಯಾಪಾರಿಗೆ ಇದು ಕಣ್ಣಿಗೆ ಬಿತ್ತು. ತನ್ನ ದೇಶಕ್ಕೂ ಒಯ್ಯಬೇಕು ಅಂತ ಆಸೆಪಟ್ಟ. ಡ್ರೈವರ್ ಹಿಂದೆ ಕೂರೋ ಗಾಡಿ ರಸ್ತೆಗಿಳಿಯುವಂತಿಲ್ಲ ಅಂತ ಅಲ್ಲಿನ ಅಧಿಕಾರಿಗಳು ಒಪ್ಪಲಿಲ್ಲ. ಹಾಗಾದರೆ ಡ್ರೈವರನ್ನು ಮುಂದೆ ಕೂರಿಸೋಣ ಅಂತ 1947ರ ಏಪ್ರಿಲ್ 23ರಂದು ನೋಟ್‌ಬುಕ್ಕಿನಲ್ಲಿ ಒಂದು ಪೆಟ್ಟಿಗೆ ಬರೆದ: ಮುಂದೆ ಡ್ರೈವರು, ನಡುವೆ ಸಾಮಾನು, ಹಿಂದೆ ಎಂಜಿನ್ನು. ಆ ಹಾಳೆ ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಮಗು ಬರೆದ ಬಸ್ಸಿನ ಚಿತ್ರದ ಹಾಗಿದೆ. ನಾವು ವೈಟ್‌ಬೋರ್ಡ್ ಮೇಲೆ ಬರೆಯೋ ಆರ್ಕಿಟೆಕ್ಚರ್ ಡಯಾಗ್ರಂಗಳು ಇದಕ್ಕಿಂತ ಚೆನ್ನಾಗಿರುತ್ತವೆ, ಆದರೆ ಅವ್ಯಾವೂ ಅರವತ್ತು ವರ್ಷ ಓಡಲ್ಲ :(

1950ರ ಮಾರ್ಚ್‌ನಲ್ಲಿ ವ್ಯಾನು ತಯಾರಾಗೋಕೆ ಶುರುವಾಯ್ತು. 1951ರಲ್ಲಿ ವೆಸ್ಟ್‌ಫಾಲಿಯಾ ಎಂಬ ಜರ್ಮನ್ ಕಂಪನಿ ಇದರೊಳಗೆ ಇಡಬಹುದಾದ ‘ಕ್ಯಾಂಪಿಂಗ್ ಬಾಕ್ಸ್’ ಮಾಡಿತು. ವಾರವಿಡೀ ಸಾಮಾನು ಸಾಗಿಸು, ಶನಿವಾರ ಪೆಟ್ಟಿಗೆ ಇಟ್ಟರೆ ಮನೆ. ಕ್ರಮೇಣ ಒಳಗಿನ ಬೀರು, ಹಾಸಿಗೆ, ಸಿಂಕು ಎಲ್ಲ ಖಾಯಂ ಆದವು.

ಎಲ್ಲಾ ಸರಿ, ಎಂಜಿನ್ ಮಾತ್ರ ಅದೇ ಬೀಟಲ್‌ದು. ಮೊದಲ ವ್ಯಾನುಗಳಲ್ಲಿ ಇದ್ದದ್ದು 1131 ಸಿಸಿ, ಬರೀ 25 ಅಶ್ವಶಕ್ತಿ. ನಮ್ಮ ಈಗಿನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿಗೂ ಇದಕ್ಕಿಂತ ಹೆಚ್ಚು ಶಕ್ತಿ ಇದೆ. ಆಮೇಲೆ 1600 ಸಿಸಿವರೆಗೂ ಬೆಳೆಯಿತು ಅನ್ನಿ. ಆದರೂ ಒಂದು ಪುಟ್ಟ ಕಾರಿಗೆ ಅಂತ ಮಾಡಿದ್ದ ಎಂಜಿನ್ನು ಸಂಸಾರ ಸಮೇತ ಒಂದು ಮನೆಯನ್ನು ಗುಡ್ಡ ಹತ್ತಿಸಬೇಕಿತ್ತು. ಬೀಟಲ್‌ನಲ್ಲಿ ಆರಾಮಾಗಿರುತ್ತಿದ್ದ ಎಂಜಿನ್ ಇಲ್ಲಿ ದಿನವಿಡೀ ಉಸಿರು ಬಿಗಿಹಿಡಿದು ದುಡಿಯುತ್ತಿತ್ತು.

ಆ ಎಂಜಿನ್ನಿನ ವಿಶೇಷ ಏನಪ್ಪಾ ಅಂದ್ರೆ ಅದಕ್ಕೆ ನೀರಿಲ್ಲ. ರೇಡಿಯೇಟರ್ ಇಲ್ಲ, ಹೋಸ್ ಇಲ್ಲ, ವಾಟರ್ ಪಂಪ್ ಇಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟೋದು ಬೇಸಿಗೆಯಲ್ಲಿ ಕುದಿಯೋದು ಯಾವುದೂ ಇಲ್ಲ. ಒಂದು ಫ್ಯಾನು ಗಾಳಿ ಊದುತ್ತೆ, ಎರಡೂವರೆ ಲೀಟರ್ ಆಯಿಲ್ ಸುತ್ತುತ್ತೆ, ಅಷ್ಟರಲ್ಲೇ ಎಂಜಿನ್ ತಣ್ಣಗಾಗಬೇಕು. ಬೇರೆ ಕಾರುಗಳ ಮೇಂಟೆನೆನ್ಸ್ ಪಟ್ಟಿಯ ಅರ್ಧ ಸಾಲುಗಳನ್ನು ಇದು ಅಳಿಸಿಹಾಕಿತು. ಆದರೆ ಉಳಿದ ಅರ್ಧದಲ್ಲಿ ಒಂದನ್ನೂ ತಪ್ಪಿಸುವಂತಿಲ್ಲ. ಫ್ಯಾನ್ ಬೆಲ್ಟ್ ಹರಿದರೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂತ ಕೆಂಪು ದೀಪ ಹತ್ತುತ್ತೆ. ಬೇರೆ ಕಾರಾದರೆ ‘ಬ್ಯಾಟರಿ ತಾನೇ, ಮನೆವರೆಗೂ ಹೋಗೋಣ’ ಅನ್ನಬಹುದು. ಇಲ್ಲಿ ಹಾಗಲ್ಲ. ಚಾರ್ಜ್ ಮಾಡುವ ಡೈನಮೋ ಮತ್ತು ತಣ್ಣಗೆ ಮಾಡುವ ಫ್ಯಾನು ಒಂದೇ ಶಾಫ್ಟಿನಲ್ಲಿವೆ. ದೀಪ ಹತ್ತಿದ ತಕ್ಷಣ ಪಕ್ಕಕ್ಕೆ ನಿಲ್ಲಿಸದಿದ್ದರೆ ಎಂಜಿನ್ ಬೆಂದುಹೋಗುತ್ತೆ. ಲಾಗ್‌ನಲ್ಲಿ ಬರೋ ವಾರ್ನಿಂಗ್ ಒಂದು, ನಿಜವಾದ ಅರ್ಥ ಇನ್ನೊಂದು. ನಮ್ಮ ಪ್ರಾಡಕ್ಟಿನಲ್ಲೂ ಇಂಥವು ನಾಲ್ಕೈದಿವೆ, ಹೊಸಬರಿಗೆ ಯಾರೂ ಹೇಳಲ್ಲ.

ಆಯಿಲ್ ಸೋಸೋಕೆ ಇರೋದು ಒಂದು ತಂತಿ ಜಾಲರಿ, ಚಹಾ ಸೋಸೋ ಜರಡಿಯಂಥದ್ದು. ಪೇಪರ್ ಫಿಲ್ಟರ್ ಇಲ್ಲ. ಅದಕ್ಕೇ ಪ್ರತಿ 3000 ಮೈಲಿಗೆ, ಅಂದರೆ ಸುಮಾರು 5000 ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು, ಜಾಲರಿ ತೊಳೆಯಬೇಕು. ಆರು ಪುಟ್ಟ ನಟ್ಟುಗಳು. ಪೌರುಷ ತೋರಿಸಿ ಬಿಗಿ ಮಾಡಿದರೆ ಸ್ಟಡ್ಡೇ ಕಿತ್ತು ಕೈಗೆ ಬರುತ್ತೆ.

ಫೋಕ್ಸ್‌ವ್ಯಾಗನ್‌ನವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. 1955ರಲ್ಲಿ ಅಮೆರಿಕಾದಲ್ಲಿ ಕಂಪನಿ ಶುರು ಮಾಡಿದಾಗ ಸರ್ವೀಸಿಗೇ ಹೆಚ್ಚು ಒತ್ತು ಕೊಟ್ಟರು. ಹೊಸ ಗಾಡಿ ಕೊಂಡವರು ಹೊತ್ತೊತ್ತಿಗೆ ಡೀಲರ್ ಹತ್ತಿರ ಹೋಗುತ್ತಿದ್ದರು. ಆದರೆ ಗಾಡಿ ಎರಡನೇ, ಮೂರನೇ ಕೈಗೆ ಹೋದಾಗ? ಅರವತ್ತರ ದಶಕದ ಕೊನೆಗೆ ಈ ವ್ಯಾನುಗಳನ್ನು ಅಗ್ಗಕ್ಕೆ ಕೊಂಡು ದೇಶ ಸುತ್ತೋಕೆ ಹೊರಟ ಹುಡುಗ ಹುಡುಗಿಯರ ಹತ್ತಿರ ಡೀಲರಿಗೆ ಕೊಡೋ ದುಡ್ಡಿರಲಿಲ್ಲ. ಕೆಲವರಂತೂ ಯೂರೋಪಿನಿಂದ ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ನಮ್ಮ ಗೋವಾದವರೆಗೂ ಇದರಲ್ಲೇ ಬಂದರು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ಎಲ್ಲ ಆಗಿ ಆ ದಾರಿ ಮುಚ್ಚಿತು. ಮರುಭೂಮಿಯ ನಡುವೆ ನಿಂತ ವ್ಯಾನಿಗೆ ಡೀಲರ್ ಎಲ್ಲಿಂದ ಬರಬೇಕು? ಓಡಿಸುವವರೇ ಸ್ಪ್ಯಾನರ್ ಹಿಡಿಯಬೇಕು.

ಇಂಥವರಿಗಾಗಿ ಬಂದ ಪುಸ್ತಕವೇ 1969ರ ‘ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್’. ಬರೆದವನು ಜಾನ್ ಮ್ಯೂರ್. (ಕಾಡು ಉಳಿಸಿದ ಆ ಪ್ರಸಿದ್ಧ ಜಾನ್ ಮ್ಯೂರ್ ಅಲ್ಲ, ಇವನು ಬೇರೆ.) 1918ರಲ್ಲಿ ಹುಟ್ಟಿದವನು, ಓದಿದ್ದು ಇಂಜಿನಿಯರಿಂಗ್, ಮಾಡುತ್ತಿದ್ದದ್ದು ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ. ಒಂದು ದಿನ ಅದನ್ನೆಲ್ಲ ಬಿಟ್ಟು ಕೂದಲು ಬೆಳೆಸಿಕೊಂಡು ನ್ಯೂ ಮೆಕ್ಸಿಕೋದಲ್ಲಿ ಫೋಕ್ಸ್‌ವ್ಯಾಗನ್ ರಿಪೇರಿಗೆ ಕೂತ. ನಮ್ಮಲ್ಲೂ ಎಷ್ಟೋ ಜನ ‘ಕೆಲಸ ಬಿಟ್ಟು ಹಾಸನದಲ್ಲಿ ತೋಟ ಮಾಡ್ತೀನಿ’ ಅಂತಾರೆ, ಇವನು ನಿಜವಾಗ್ಲೂ ಬಿಟ್ಟ.

ಪುಸ್ತಕದ ಉಪಶೀರ್ಷಿಕೆಯಲ್ಲೇ ಇದು ‘ಕಂಪ್ಲೀಟ್ ಈಡಿಯಟ್‌’ಗಾಗಿ ಬರೆದ ಕೈಪಿಡಿ ಅಂತಿದೆ. ನಾವೆಲ್ಲ ಅಂಗಡಿಗಳಲ್ಲಿ ನೋಡಿರುವ ಹಳದಿ-ಕಪ್ಪು ‘ಡಾಸ್ ಫಾರ್ ಡಮ್ಮೀಸ್’ ಬಂದದ್ದು 1991ರಲ್ಲಿ, ಅಂದರೆ ಇದಕ್ಕಿಂತ 22 ವರ್ಷ ಆಮೇಲೆ. ಓದುಗನನ್ನು ದಡ್ಡ ಅಂತ ಕರೆದು, ಆಮೇಲೆ ದಡ್ಡನಂತೆ ನಡೆಸಿಕೊಳ್ಳದೆ ಇರುವುದು ಮ್ಯೂರ್‌ನ ದೊಡ್ಡ ಗುಣ. ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಮೆಕಾನಿಕ್‌ಗಾಗಿ ಬರೆದದ್ದು. ‘ಎಂಜಿನ್ ಇಳಿಸಿ’ ಅಂತ ಒಂದು ಸಾಲು, ಮುಗೀತು. ಮ್ಯೂರ್ ಹಾಗಲ್ಲ. ಮೊದಲು ಇಡೀ ಪ್ರಕ್ರಿಯೆಯನ್ನು ಒಂದ್ಸಲ ಓದು ಅಂತಾನೆ, ಏನೇನು ಬೇಕು ಅಂತ ಪಟ್ಟಿ ಕೊಡ್ತಾನೆ, ಆಮೇಲೆ ಒಂದೊಂದೇ ಹೆಜ್ಜೆ. ಎಂಜಿನ್ನಿನ ಮುಂಭಾಗ ಅಂದರೆ ಗಾಡಿ ಹೋಗುವ ದಿಕ್ಕು, ನೀನು ಹಿಂದೆ ನಿಂತಿದ್ದರೂ ಅದೇ ಮುಂಭಾಗ ಅಂತ ಸ್ಪಷ್ಟ ಮಾಡ್ತಾನೆ. ಇದು ಸಣ್ಣ ವಿಷಯ ಅನ್ನಿಸಬಹುದು. ಯಾವುದು ಎಡ ಯಾವುದು ಬಲ ಅನ್ನೋ ಗೊಂದಲದಲ್ಲೇ ಅರ್ಧ ಪ್ರಾಡಕ್ಷನ್ ಬಗ್‌ಗಳು ಹುಟ್ಟೋದು ಅಂತ ನಿಮಗೂ ಗೊತ್ತಲ್ಲ. ಕಿವಿಯಿಂದ ಕೇಳು, ಮೂಗಿನಿಂದ ಮೂಸು, ಕೈಯಿಂದ ಮುಟ್ಟು ಅಂತ ಕಲಿಸೋದೂ ಅವನೇ. ಪೀಟರ್ ಆಶ್‌ವಾಂಡೆನ್ ಬರೆದ ಚಿತ್ರಗಳಂತೂ ಸೂಕ್ಷ್ಮ, ತಮಾಷೆ ಎರಡೂ. ಕೆಲವು ಕಡೆ ಮ್ಯೂರ್‌ನ ಹರಟೆ ಜಾಸ್ತಿಯಾಗಿ ‘ವಿಷಯಕ್ಕೆ ಬಾರಪ್ಪಾ’ ಅನ್ನಿಸುತ್ತೆ, ಅದೂ ನಿಜ. 1977ರಲ್ಲಿ ಅವನು ತೀರಿಕೊಂಡ. ಪುಸ್ತಕ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಇದೇ ಹೊತ್ತಿನ ಇನ್ನೊಂದು ಪುಸ್ತಕ ನಿಮ್ಮಲ್ಲಿ ಬಹಳ ಜನ ಓದಿರುತ್ತೀರಿ, ಅಥವಾ ಓದಿದ್ದೀನಿ ಅಂತ ಹೇಳಿರುತ್ತೀರಿ ;) ರಾಬರ್ಟ್ ಪಿರ್ಸಿಗ್‌ನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’, 1974ರದ್ದು. ಅವನು ನಮ್ಮ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು, ಹೊಟ್ಟೆಪಾಡಿಗೆ ಟೆಕ್ನಿಕಲ್ ಮ್ಯಾನ್ಯುಯಲ್ ಬರೆಯುತ್ತಿದ್ದವನು. 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಹೋದ ಬೈಕ್ ಪ್ರವಾಸ ಅದರ ಹಂದರ. ಜೊತೆಗೆ ಬಂದ ಗೆಳೆಯನಿಗೆ ತನ್ನ ಬೈಕನ್ನು ತಾನೇ ಮುಟ್ಟೋದು ಅಂದರೆ ಆಗದು, ಅದೆಲ್ಲ ಮೆಕಾನಿಕ್ ನೋಡ್ಕೋತಾನೆ ಅನ್ನುವವನು. ಆ ಪುಸ್ತಕದ ಜಗಳವೇ ಅಲ್ಲಿಂದ ಶುರು. ಮೇಂಟೆನೆನ್ಸ್ ಯಾಕೆ ಮಾಡಬೇಕು ಅಂತ ಪಿರ್ಸಿಗ್ ನಾನೂರು ಪುಟ ಯೋಚಿಸಿದ. ಹೇಗೆ ಮಾಡಬೇಕು ಅಂತ ಮ್ಯೂರ್ ಅದಕ್ಕೂ ಮುಂಚೆಯೇ ಬರೆದಿಟ್ಟಿದ್ದ. ನನ್ನ ಓಟು ಮ್ಯೂರ್‌ಗೆ.

ಸರಿ, ಶೆಡ್ಡಿಗೆ ವಾಪಸ್ ಬರೋಣ.

ಬೆಳಿಗ್ಗೆ ಆರು, ಮಂಜು. ಅಜ್ಜ ಸ್ಟೂಲ್ ಮೇಲೆ ಕೂತು ಮಡಿಲಲ್ಲಿ ಅದೇ ಪುಸ್ತಕ ಇಟ್ಟುಕೊಂಡಿದ್ದರು. ಸುರುಳಿ ತಂತಿ ಹಾಕಿದ, ಪುಟಗಳೆಲ್ಲ ಆಯಿಲ್ ಕುಡಿದು ಅರೆಪಾರದರ್ಶಕ ಆಗಿದ್ದ ಪ್ರತಿ. ನಾನು ಗಾಡಿ ಕೆಳಗೆ. ರಾಕರ್ ಕವರಿನ ಸ್ಪ್ರಿಂಗ್ ತಂತಿಯನ್ನು ಸ್ಕ್ರೂಡ್ರೈವರಿನಿಂದ ಕೆಳಕ್ಕೆ ತಳ್ಳಿದರೆ ಕವರ್ ಬಿಚ್ಚಿಕೊಳ್ಳುತ್ತೆ, ಒಳಗೆ ರಾಕರ್‌ಗಳು, ವಾಲ್ವುಗಳು. ರಾಕರ್ ಮತ್ತು ವಾಲ್ವಿನ ತುದಿಯ ನಡುವೆ 0.15 ಮಿಲಿಮೀಟರ್ ಜಾಗ ಇರಬೇಕು, ಎರಡು ತಲೆಗೂದಲಿನಷ್ಟು. ಫೀಲರ್ ಗೇಜ್ ಅನ್ನೋ ತೆಳು ಪಟ್ಟಿ ತೂರಿಸಿದರೆ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ಹಿಡಿಯಬೇಕು, ಆದರೆ ಜಾರಬೇಕು. ಎಂಜಿನ್ನಿನ ಕಿಡಿ ಹಾರುವ ಕ್ರಮ 1-4-3-2. ಪುಲ್ಲಿಯನ್ನು ಅರ್ಧರ್ಧ ಸುತ್ತು ಹಿಮ್ಮುಖ ತಿರುಗಿಸಿದರೆ 1, 2, 3, 4 ಅಂತ ಸಾಲಾಗಿ ಬರುತ್ತೆ. ಈ ಉಪಾಯ ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಒಂದು, ಎರಡು ಸರಾಗ ಆದವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಗೇಜ್ ಹೋಗಲೇ ಇಲ್ಲ.

"ಹೋಗ್ತಿಲ್ಲ" ಅಂದೆ. ಅಜ್ಜ ಒಂದು ನಿಮಿಷ ಸುಮ್ಮನಿದ್ದರು.

ಈ ಮೂರನೇ ಸಿಲಿಂಡರಿಗೆ ಒಂದು ಪೂರ್ವಕತೆ ಇದೆ. ಆಯಿಲ್ ತಣ್ಣಗೆ ಮಾಡುವ ಕೂಲರನ್ನು ಜರ್ಮನ್ನರು ಫ್ಯಾನಿನ ಗಾಳಿ ಬರುವ ಪೆಟ್ಟಿಗೆಯೊಳಗೇ ಇಟ್ಟಿದ್ದರು, ಸರಿಯಾಗಿ ಮೂರನೇ ಸಿಲಿಂಡರಿನ ದಾರಿಯಲ್ಲಿ. ಹಾಗಾಗಿ ಉಳಿದ ಮೂವರಿಗೆ ತಣ್ಣನೆ ಗಾಳಿ, ಇವನಿಗೆ ಮಾತ್ರ ಕೂಲರ್ ಕಾಯಿಸಿ ಕಳಿಸಿದ ಎಂಜಲು ಗಾಳಿ. ಇದಕ್ಕೆ ಅವರು ಮಾಡಿದ ಪರಿಹಾರ ಕೇಳಿ: ಡಿಸ್ಟ್ರಿಬ್ಯೂಟರಿನಲ್ಲಿ ಮೂರನೇ ಸಿಲಿಂಡರಿಗೆ ಮಾತ್ರ ಕಿಡಿ ಒಂಚೂರು ತಡವಾಗಿ ಹಾರುವಂತೆ ಮಾಡಿದರು. ‘ಇಫ್ ಸಿಲಿಂಡರ್ ಈಕ್ವಲ್ಸ್ 3’ ಅಂತ ಹಾರ್ಡ್‌ಕೋಡ್ ಮಾಡಿದ ಹಾಗೆ! ಕಡೆಗೆ 1971ರ ಮಾಡೆಲ್‌ಗಳಲ್ಲಿ ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಬೇರೆಯದೇ ಗಾಳಿದಾರಿ ಕೊಟ್ಟರು. ಅಜ್ಜನ ವ್ಯಾನು ಅದಕ್ಕೂ ಹಿಂದಿನದು.

ವಾಲ್ವು ಸಡಿಲವಾದರೆ ಟಿಕ್ ಟಿಕ್ ಸದ್ದು ಮಾಡುತ್ತೆ. ಕೇಳಿದವರು ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತಾರೆ, ಆದರೆ ಅದರಿಂದ ಅಂಥಾ ಅಪಾಯ ಇಲ್ಲ. ಬಿಗಿಯಾದ ವಾಲ್ವು ಸದ್ದೇ ಮಾಡಲ್ಲ. ಎಂಜಿನ್ ಇನ್ನೂ ನಯವಾಗಿ ಓಡುತ್ತಿರುವಂತೆ ಅನ್ನಿಸುತ್ತೆ. ಒಳಗೆ ವಾಲ್ವು ತನ್ನ ಸೀಟಿನ ಮೇಲೆ ಪೂರ್ತಿ ಕೂರುತ್ತಿಲ್ಲ, ಕೂತಾಗ ತಾನೇ ಬಿಸಿಯನ್ನು ದಾಟಿಸೋದು? ದಾಟಿಸಲಾಗದೆ ಸುಡುತ್ತೆ, ಎಳೆದು ಉದ್ದವಾಗುತ್ತೆ, ಒಂದು ದಿನ ಹೈವೇಯಲ್ಲಿ ಅದರ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತೆ. ಅಲ್ಲಿಗೆ ಮುಗೀತು.

ಅಜ್ಜ ಕೇಳಿದರು, "ಎಷ್ಟು ಬಿಗಿ? ಸ್ಕ್ರೂ ಎಷ್ಟು ತಿರುಗಿಸಿದ ಮೇಲೆ ಗೇಜ್ ಹೋಯ್ತು?" ಹೇಳಿದೆ. ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಆಗ ನೋಡಿದೆ, ಆ ಪುಟದ ಅಂಚು, ಹಿಂದಿನ ಪುಟದ ಅಂಚು, ಒಳರಟ್ಟು ಎಲ್ಲಾ ಕಡೆ ಪೆನ್ಸಿಲ್ಲಿನಲ್ಲಿ ತಾರೀಖು, ಮೈಲಿ, ಯಾವ ವಾಲ್ವು ಹೇಗಿತ್ತು. ಮೊದಲನೆಯದು 1981. ಹೆಂಡತಿಯ ಅಕ್ಷರವೂ ನಡುವೆ ಬರುತ್ತೆ, ಆಮೇಲೆ ಬರಲ್ಲ. ನಾನೇನೂ ಕೇಳಲಿಲ್ಲ.

ನಮ್ಮಪ್ಪನ ಹತ್ತಿರವೂ ಇಂಥದ್ದೊಂದು ನೋಟ್‌ಬುಕ್ ಇತ್ತು, ಎಲ್‌ಐಸಿಯವರು ಕೊಡೋ ಡೈರಿ. ಅವರ ಬಜಾಜ್ ಚೇತಕ್‌ದು. ‘ಪ್ಲಗ್ ಕ್ಲೀನ್. ಕ್ಲಚ್ ಕೇಬಲ್ 45 ರೂ.’ ಪ್ರತಿ ಭಾನುವಾರ ಸ್ಕೂಟರನ್ನು ಮಲಗಿಸಿ ಏನಾದರೊಂದು ಮಾಡುತ್ತಿದ್ದರು, ನನಗೆ ಅದು ತಮಾಷೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೊರಟವನು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ, 2ಟಿ ಆಯಿಲ್ ಹಾಕಿಸಲಿಲ್ಲ. ಆ ಎಂಜಿನ್ನಿಗೆ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಬೇಕು, ಬೇರೆ ದಾರಿಯೇ ಇಲ್ಲ. ನೆಲಮಂಗಲ ದಾಟಿ ಸ್ವಲ್ಪ ದೂರಕ್ಕೆ ಗಕ್ ಅಂತ ಹಿಂದಿನ ಚಕ್ರ ಹಿಡಿದುಕೊಂಡಿತು. ಎಂಜಿನ್ ಸೀಜ್. ಹೇಗೋ ಬೀಳದೆ ಉಳಿದೆವು. ಅಪ್ಪ ಬೈಯಲಿಲ್ಲ. ಡೈರಿಯಲ್ಲಿ ತಾರೀಖು ಹಾಕಿ ‘ಸೀಜ್’ ಅಂತ ಬರೆದರು. ಅದು ಆ ಡೈರಿಯ ಕೊನೇ ಸಾಲು. ಮೆಕಾನಿಕ್ ಬೋರ್ ಮಾಡಿಸಬೇಕು ಅಂದ, ಖರ್ಚು ಜಾಸ್ತಿ ಅಂತ ಗುಜರಿಗೆ ಹೋಯಿತು. ವ್ಯಂಗ್ಯ ನೋಡಿ, ಈಗ ನಾನು ಹೊಟ್ಟೆ ಹೊರೆಯೋದೇ ‘ಮೇಂಟೆನೆನ್ಸ್ ಪ್ರಾಜೆಕ್ಟ್‌’ನಲ್ಲಿ. ಹೊಸದಾಗಿ ಸೇರಿದವರು ಎರಡು ತಿಂಗಳಿಗೆ ಮುಖ ಸಪ್ಪಗೆ ಮಾಡಿಕೊಂಡು ‘ಡೆವಲಪ್‌ಮೆಂಟಿಗೆ ಹಾಕಿ’ ಅಂತ ಮ್ಯಾನೇಜರ್ ಹತ್ತಿರ ಹೋಗೋ ಪ್ರಾಜೆಕ್ಟು. ನಾನೂ ಹೋಗಿದ್ದೆ, ಎರಡು ಸಲ.

ಕ್ಯಾಂಪರಿಗೆ ಬೇರೆ ಕೆಲಸಗಳೂ ಇದ್ದವು. ಕ್ಯಾನ್ವಾಸ್ ಬೂಸ್ಟು ಹಿಡಿಯದಂತೆ ಒಣಗಿಸೋದು, ಚಳಿಗಾಲಕ್ಕೆ ಮುಂಚೆ ನೀರಿನ ಟ್ಯಾಂಕ್ ಖಾಲಿ ಮಾಡೋದು ಇತ್ಯಾದಿ. ಎಲ್ಲಕ್ಕಿಂತ ಮುಖ್ಯ ಪೆಟ್ರೋಲ್ ಹೋಸು. ಹಳೇ ರಬ್ಬರ್ ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಈ ಎಂಜಿನ್ನಿನ ಹೊರಕವಚ ಮೆಗ್ನೀಷಿಯಂ ಮಿಶ್ರಲೋಹ. ಹೈಸ್ಕೂಲಿನ ಲ್ಯಾಬಿನಲ್ಲಿ ಮೇಷ್ಟ್ರು ಮೆಗ್ನೀಷಿಯಂ ಪಟ್ಟಿ ಉರಿಸಿದ್ದು ನೆನಪಿದೆಯಲ್ಲ, ಕಣ್ಣು ಕೋರೈಸುವ ಬಿಳಿ ಬೆಳಕು. ಅದು ಹತ್ತಿಕೊಂಡರೆ ನೀರು ಹಾಕಿದಷ್ಟೂ ಜೋರಾಗುತ್ತೆ. ಎಷ್ಟೋ ವ್ಯಾನುಗಳು ರಸ್ತೆ ಬದಿಯಲ್ಲಿ ಹೀಗೇ ಬೂದಿಯಾಗಿವೆ, ಕೆಲವೇ ಡಾಲರಿನ ಹೋಸ್ ಬದಲಿಸದೆ.

ಜರ್ಮನಿಯಲ್ಲಿ ಈ ಆಕಾರದ ವ್ಯಾನು 1979ಕ್ಕೆ ನಿಂತಿತು. ಮುಂದೆ ಬಂದ ಮಾಡೆಲಿಗೆ ಕೆಲವೇ ವರ್ಷದಲ್ಲಿ ನೀರೂ ರೇಡಿಯೇಟರೂ ಬಂದವು. ಬ್ರೆಜಿಲ್‌ನಲ್ಲಿ ಮಾತ್ರ ಹಳೇ ವ್ಯಾನು ತಯಾರಾಗುತ್ತಲೇ ಇತ್ತು. ಅಲ್ಲಿ ಗಾಳಿ ಎಂಜಿನ್ 2005ರಲ್ಲಿ ಹೋಯಿತು, ಏರ್‌ಬ್ಯಾಗ್ ಮತ್ತು ಎಬಿಎಸ್ ಕಡ್ಡಾಯ ಅಂತ ಕಾನೂನು ಬಂದು ವ್ಯಾನೂ 2013ರ ಕೊನೆಗೆ ಹೋಯಿತು. ಅದೇ ಮುಖದ ನೆನಪಿನಲ್ಲಿ 2022ರಲ್ಲಿ ‘ಐಡಿ ಬಝ್’ ಅನ್ನೋ ಎಲೆಕ್ಟ್ರಿಕ್ ವ್ಯಾನು ಬಂತು. ಅದರಲ್ಲಿ ವಾಲ್ವಿಲ್ಲ, ಬೆಲ್ಟಿಲ್ಲ, ಆಯಿಲ್ ಬದಲಿಸೋ ಗೋಳಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಗಾಳಿಯಲ್ಲೇ ಬರುತ್ತೆ. ನಮ್ಮಂಥವರು ಎಲ್ಲೋ ಕೂತು ಬರೆದ ಕೋಡು. ಅದರ ಮಾಲೀಕ ಬೆಳಿಗ್ಗೆ ಆರಕ್ಕೆ ಎದ್ದು ಏನು ಮಾಡಬೇಕೋ ನನಗೆ ತಿಳಿಯದು.

ಆ ಶನಿವಾರ ಅಜ್ಜ ಹೇಳಿದ್ದು: ಒಂದು ಸಲ ಬಿಗಿಯಾದರೆ ಹೋದ ಸಲ ಸೆಟ್ ಮಾಡಿದವನ ತಪ್ಪಿರಬಹುದು, ಅಂದರೆ ನನ್ನದೇ. ಮತ್ತೆ ಬಿಗಿಯಾದರೆ ವಾಲ್ವು ಉದ್ದವಾಗ್ತಿದೆ ಅಂತ ಅರ್ಥ. ಹಾಗಾಗಿ 3000 ಮೈಲಿ ಕಾಯಲ್ಲ, 500ಕ್ಕೇ ತೆಗೆದು ನೋಡ್ತೀನಿ. ಆಮೇಲೆ ಪುಸ್ತಕ ನನ್ನ ಕೈಗೆ ಕೊಟ್ಟು, ಇವತ್ತಿನದು ನೀನೇ ಬರಿ ಅಂದರು. ತಾರೀಖು, ಮೈಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ‘3 ಬಿಗಿ’ ಅಂತ ಬರೆದೆ. ಏನು ಅಂತ ಕೇಳಿ ನಕ್ಕರು, ಕೆಳಗೆ ಇಂಗ್ಲಿಷಿನಲ್ಲಿ ತಾವೂ ಬರೆದುಕೊಂಡರು.

ಬೆಂಗಳೂರಿಗೆ ವಾಪಸ್ ಬಂದು ಎರಡು ತಿಂಗಳಾದ ಮೇಲೆ ಅವರ ಮೇಲ್ ಬಂತು. 500 ಮೈಲಿಗೆ ಮತ್ತೆ ಬಿಗಿಯಾಗಿತ್ತಂತೆ. ಎಂಜಿನ್ ಇಳಿಸಿ ಹೆಡ್ ಬಿಚ್ಚಿಸಿದ್ದಾರೆ. ಜೊತೆಗೆ ಫೋಟೋ: ಅಂಗೈ ಮೇಲೆ ಒಂದು ವಾಲ್ವು, ತಲೆಯ ಕೆಳಗೆ ಕತ್ತು ಸಣ್ಣಗಾಗಿ, ಅಲ್ಲೊಂದು ಕೂದಲೆಳೆಯಷ್ಟು ಬಿರುಕು. ಮುಂದಿನ ವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಬೆಟ್ಟದ ಕಡೆ ಹೊರಡೋದಿತ್ತು, ಈಗ ಹೊಸ ಹೆಡ್ ಬರೋವರೆಗೂ ಇಲ್ಲ ಅಂತ ಬರೆದಿದ್ದರು.

ಅಪ್ಪನಿಗೆ ಆ ಫೋಟೋ ವಾಟ್ಸಾಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅಜ್ಜ ಯಾರು, ವ್ಯಾನು ಯಾವುದು, ಅಮೆರಿಕಾದಲ್ಲಿ ನಾನು ಗಾಡಿ ಕೆಳಗೆ ಯಾಕೆ ಮಲಗಿದ್ದೆ, ಒಂದೂ ಕೇಳಲಿಲ್ಲ.

"ಎಷ್ಟು ಕಿಲೋಮೀಟರ್ ಓಡಿತ್ತೋ ಅದು?"